ಮೂರೂವರೆ ಕಿಲೋ ಲೆಗೋ ತುಂಡುಗಳಿಂದ ಏನೇನು ಕಟ್ಟಬಹುದು? ಮೊದಲೇ ಲೆಕ್ಕ ಹಾಕುವ ದಾರಿ ಇದೆಯೇ?

ಮಾಳಮಡ್ಡಿ ಅಜ್ಜ

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿದ್ದ ಅಳಿಯನಿಗೆ ವರ್ಗವಾಗಿ ಮನೆ ಖಾಲಿ ಮಾಡುವಾಗ, ಮಗಳು ಮೊಮ್ಮಕ್ಕಳ ಲೆಗೋ ತುಂಡುಗಳನ್ನೆಲ್ಲ ಒಂದು ಜೋಳದ ಚೀಲಕ್ಕೆ ಸುರಿದು ಧಾರವಾಡಕ್ಕೆ ತಂದಿಟ್ಟು ಹೋಗಿದ್ದಾಳೆ. ಎಂಟು ಹತ್ತು ವರ್ಷಗಳಲ್ಲಿ ಹುಟ್ಟುಹಬ್ಬಕ್ಕೊಂದರಂತೆ ಬಂದ ಸೆಟ್‌ಗಳು ಅವು. ಪೆಟ್ಟಿಗೆ ಒಂದೂ ಉಳಿದಿಲ್ಲ, ಕಟ್ಟುವ ಕ್ರಮವನ್ನು ಚಿತ್ರದಲ್ಲಿ ತೋರಿಸುವ ಪುಸ್ತಿಕೆಗಳೂ ಇಲ್ಲ, ಮೇಲಾಗಿ ಜಾತ್ರೆಯಲ್ಲಿ ಕೊಂಡ ಬೇರೆ ಕಂಪನಿಯ ತುಂಡುಗಳೂ ಅದರಲ್ಲಿ ಬೆರೆತಿವೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ 3.4 ಕಿಲೋ ಬಂದಿತು.

ಕಳೆದ ದೀಪಾವಳಿಗೆ ಮಕ್ಕಳು ಬಂದಿದ್ದಾಗ ಮೊಬೈಲಿನಲ್ಲಿ ಒಂದು ಚಿತ್ರ ನೋಡಿಕೊಂಡು ಕ್ರೇನ್ ಕಟ್ಟಲು ಕುಳಿತೆವು. ಎರಡು ತಾಸು ಕಟ್ಟಿದ ಮೇಲೆ, ಮುಖ್ಯ ತೋಳಿಗೆ ಬೇಕಾದ ತುಂಡುಗಳೇ ಚೀಲದಲ್ಲಿ ಇಲ್ಲವೆಂದು ಗೊತ್ತಾಯಿತು. "ಅಜ್ಜಾ, ಮೊದಲು ಎಣಿಸಿ ನೋಡಬೇಕಿತ್ತಲ್ಲ" ಎಂದು ದೊಡ್ಡ ಮೊಮ್ಮಗಳು ಅಂದದ್ದು ನನಗೆ ಸ್ವಲ್ಪ ಚುಚ್ಚಿತು, ಏಕೆಂದರೆ ನಾನು ಉಗ್ರಾಣದ ದಾಸ್ತಾನು ಪುಸ್ತಕ ಬರೆದೇ ನಿವೃತ್ತನಾದ ಗುಮಾಸ್ತ. ಬೇಸಿಗೆ ರಜೆಗೆ ಅವರು ಮತ್ತೆ ಬರುವಷ್ಟರಲ್ಲಿ, ಇರುವ ತುಂಡುಗಳಿಂದ ಪೂರ್ತಿಯಾಗಿ ಏನನ್ನು ಕಟ್ಟಬಹುದು ಎಂಬ ಪಟ್ಟಿಯೊಂದನ್ನು ಸಿದ್ಧ ಮಾಡಿಕೊಳ್ಳಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಬಲ್ಲವರು ತಿಳಿಸಬೇಕು.

ಹಾವೇರಿ ಅಕ್ಕ

ಅಜ್ಜಾರೇ, ಎಣಿಕೆಗೆ ಮೊದಲು ತೊಳೆಯುವುದು, ತೊಳೆದ ಮೇಲೆ ಆರಿಸುವುದು. ತೊಳೆಯಲು ಉಗುರುಬೆಚ್ಚಗಿನ ನೀರು ಸಾಕು, 40 ಡಿಗ್ರಿ ದಾಟಬಾರದು ಎಂದು ಲೆಗೋ ಕಂಪನಿಯೇ ಹೇಳುತ್ತದೆ. ಆಮೇಲೆ ನೆರಳಿನಲ್ಲಿ ಹರವಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಹಪ್ಪಳದಂತೆ ಹಾಕಿದರೆ ಬಿಳಿ ತುಂಡುಗಳು ಕ್ರಮೇಣ ಹಳದಿಗೆ ತಿರುಗುತ್ತವೆ.

ಆರಿಸುವ ವಿಷಯದಲ್ಲಿ ನಾನೇ ಮಾಡಿದ ತಪ್ಪನ್ನು ಹೇಳುತ್ತೇನೆ. ಬ್ಯಾಡಗಿ ಮೆಣಸಿನಕಾಯಿ ಆರಿಸಿ ಬೆಳೆದ ಕೈ ಇದು, ಅಲ್ಲಿ ಬಣ್ಣ ನೋಡಿಯೇ ಕಾಯಿ ಬೇರ್ಪಡಿಸುತ್ತೇವೆ. ಅದೇ ಅಭ್ಯಾಸದಿಂದ ಮಗನ ಲೆಗೋವನ್ನೂ ಕೆಂಪು ಒಂದು ಬುಟ್ಟಿ, ಹಳದಿ ಒಂದು ಬುಟ್ಟಿ ಎಂದು ಇಟ್ಟೆ. ನೋಡಲು ಚೆಂದವಿತ್ತು, ಹುಡುಕಲು ನರಕವಾಯಿತು. ಕೆಂಪು ರಾಶಿಯಲ್ಲಿ ಒಂದು ಸಣ್ಣ ಕೆಂಪು ತುಂಡನ್ನು ಕಣ್ಣು ಗುರುತಿಸುವುದಿಲ್ಲ. ಒಂದೇ ಆಕಾರದ ತುಂಡುಗಳ ರಾಶಿಯಲ್ಲಿ ಕೆಂಪು ಯಾವುದು ಎಂದು ಕೇಳಿ, ಕೂಡಲೇ ಸಿಗುತ್ತದೆ. ಆದ್ದರಿಂದ ಆಕಾರ ಮೊದಲು, ಬಣ್ಣ ಆಮೇಲೆ. ಎತ್ತರದ ಇಟ್ಟಿಗೆಗಳು, ತೆಳುವಾದ ಪ್ಲೇಟುಗಳು, ಇಳಿಜಾರಿನವು, ಗಾಲಿ ಮತ್ತು ಅಚ್ಚುಗಳು, ಉಳಿದ ಚಿಲ್ಲರೆ ಎಂದು ಐದು ತಾಟು ಇಟ್ಟುಕೊಂಡು ಕುಳಿತುಕೊಳ್ಳಿ. ಜೋಳದ ಸಾಣಿಗೆಯಲ್ಲಿ ಒಮ್ಮೆ ಆಡಿಸಿದರೆ ತೀರ ಸಣ್ಣವು ತಾವಾಗಿಯೇ ಕೆಳಗೆ ಬೀಳುತ್ತವೆ, ಆ ಅರ್ಧ ಕೆಲಸ ಸಾಣಿಗೆಯೇ ಮಾಡಿಕೊಡುತ್ತದೆ.

ವಿದ್ಯಾನಗರ ಹುಬ್ಬಳ್ಳಿ

ಅಕ್ಕನವರು ಹೇಳಿದ್ದು ಸರಿ. ಆರಿಸುವಾಗಲೇ ಇನ್ನೊಂದು ಕೆಲಸ ಮಾಡಿ. ಲೆಗೋ ತುಂಡಿನ ನೆತ್ತಿಯ ಮೇಲಿರುವ ದುಂಡು ಉಬ್ಬುಗಳಲ್ಲಿ ಪ್ರತಿಯೊಂದರ ಮೇಲೂ ಕಂಪನಿಯ ಹೆಸರು ಅಚ್ಚಾಗಿರುತ್ತದೆ. ಹೆಸರಿಲ್ಲದವನ್ನು ಬೇರೆ ಡಬ್ಬಿಗೆ ಹಾಕಿ. ಮೂಲ ಪೇಟೆಂಟಿನ ಅವಧಿ ಎಂದೋ ಮುಗಿದಿರುವುದರಿಂದ ಇತರ ಕಂಪನಿಗಳ ತುಂಡುಗಳೂ ಅದೇ ಅಳತೆಯಲ್ಲಿ ಬರುತ್ತವೆ ಮತ್ತು ಕೂಡಿಕೊಳ್ಳುತ್ತವೆ, ಆದರೆ ಹಿಡಿತ ಒಂದರಂತೆ ಇನ್ನೊಂದು ಇರುವುದಿಲ್ಲ. ಅವನ್ನು ಗೋಡೆಯ ಒಳಭಾಗಕ್ಕೆ ಬಳಸಬಹುದು, ಭಾರ ಹೊರುವ ಕಡೆ ಬೇಡ.

ತುಂಡನ್ನು ಮಗುಚಿ ಬೆಳಕಿಗೆ ಹಿಡಿದರೆ ಒಳಗಡೆ ಸಣ್ಣ ಅಂಕಿಗಳಿರುತ್ತವೆ, ಅದು ಅಚ್ಚಿನ ಸಂಖ್ಯೆ. ಎರಡು ಸಾಲು, ಸಾಲಿಗೆ ನಾಲ್ಕು ಉಬ್ಬಿನ ಸಾಮಾನ್ಯ ಇಟ್ಟಿಗೆ (ಎರಡು-ನಾಲ್ಕರದು) 3001, ಎರಡು-ಎರಡರದು 3003, ಒಂದು-ಎರಡರದು 3004. ಪ್ಲೇಟುಗಳಲ್ಲಿ ಎರಡು-ನಾಲ್ಕರದು 3020, ಒಂದು-ಎರಡರದು 3023. ಈ ಸಂಖ್ಯೆ ಆಕಾರವನ್ನಷ್ಟೇ ಹೇಳುತ್ತದೆ, ಬಣ್ಣವನ್ನು ಹೇಳುವುದಿಲ್ಲ. ಪುಸ್ತಿಕೆಯ ಕೊನೆಯ ಪುಟಗಳಲ್ಲಿ 300121 ಎಂಬಂಥ ಉದ್ದ ಸಂಖ್ಯೆ ಕಂಡರೆ, ಅದು 3001ನ್ನು ಕೆಂಪು ಬಣ್ಣದೊಂದಿಗೆ ಸೇರಿಸಿ ಹೇಳುವ ಹಳೆಯ ಪದ್ಧತಿ.

ಎಲ್ಲವನ್ನೂ ಒಂದೊಂದಾಗಿ ನಮೂದಿಸುವ ಅಗತ್ಯವಿಲ್ಲದಿರಬಹುದು. ಚೀಲಕ್ಕೆ ಬಂದದ್ದು ಇಡೀ ಸೆಟ್‌ಗಳಾಗಿ ತಾನೇ? ಅಪರೂಪದ ತುಂಡುಗಳನ್ನು, ಅಂದರೆ ಚಿತ್ರ ಮುದ್ರಿಸಿದವು, ವಿಚಿತ್ರ ಬಣ್ಣದವು, ಬೇರೆಲ್ಲೂ ಕಾಣದ ಆಕಾರದವು, ಇಂಥವನ್ನು ಹುಡುಕಿ ಅವುಗಳ ಸಂಖ್ಯೆಯಿಂದ ಯಾವ ಸೆಟ್‌ನಲ್ಲಿ ಬಂದಿದ್ದವೆಂದು ನೋಡಿ. ನಾಲ್ಕೈದು ಸೆಟ್ ಗುರುತಾದರೆ ಅವುಗಳ ಪಟ್ಟಿ ರಿಬ್ರಿಕೆಬಲ್ ಎಂಬ ಜಾಲತಾಣದಲ್ಲಿ ಸಿದ್ಧವಾಗಿಯೇ ಇರುತ್ತದೆ. ನಿಮ್ಮಲ್ಲಿರುವ ಸೆಟ್ ಮತ್ತು ಬಿಡಿ ತುಂಡುಗಳನ್ನು ಅಲ್ಲಿ ಹೇಳಿದರೆ, ಅವುಗಳಿಂದ ಯಾವ ಯಾವ ಮಾದರಿಯನ್ನು ಶೇಕಡಾ ಎಷ್ಟರಮಟ್ಟಿಗೆ ಕಟ್ಟಬಹುದು ಎಂದು ಅದು ತಾಳೆ ಹಾಕಿ ತೋರಿಸುತ್ತದೆ. ಕಟ್ಟುವ ಕ್ರಮದ ಪುಸ್ತಿಕೆಗಳನ್ನು ಕಂಪನಿಯ ತಾಣದಿಂದಲೇ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು.

ಮೊಬೈಲ್ ಕ್ಯಾಮೆರಾದಿಂದ ರಾಶಿಯ ಫೋಟೋ ತೆಗೆದು ಇದರಿಂದ ಏನು ಮಾಡಬಹುದೆಂದು ಹೇಳುವ ಬ್ರಿಕಿಟ್ ಎಂಬ ಆ್ಯಪ್ 2021ರಿಂದ ಇದೆ. ಮಕ್ಕಳಿಗೆ ಮೋಜು. ಆದರೆ ಮೇಲ್ಪದರದಲ್ಲಿ ಕಾಣುವುದನ್ನಷ್ಟೇ ಅದು ಎಣಿಸಬಲ್ಲದು, ಒಂದರ ಮೇಲೊಂದು ಬಿದ್ದಿದ್ದರೆ ಅಡಿಯದು ಲೆಕ್ಕಕ್ಕೆ ಬರುವುದಿಲ್ಲ. 3.4 ಕಿಲೋವನ್ನು ಒಂದೇ ಪದರದಲ್ಲಿ ಹರವಲು ನಿಮ್ಮ ಪಡಸಾಲೆ ಪೂರ್ತಿ ಬೇಕಾದೀತು.

ನವನಗರ ಗೃಹಿಣಿ

ಬೇಸರಿಸಬೇಡಿ, ನನಗೆ ಈ ಚರ್ಚೆಯೇ ತಲೆಕೆಳಗಾಗಿ ಕಾಣುತ್ತಿದೆ. ಮಕ್ಕಳ ಆಟದ ಸಾಮಾನಿಗೆ ದಾಸ್ತಾನು ಪುಸ್ತಕ ಏಕೆ? ನನ್ನ ಮಗಳು ರಾಶಿಯಲ್ಲಿ ಕೈ ಹಾಕಿ ಸಿಕ್ಕಿದ್ದರಿಂದ ಮನೆಯನ್ನೋ ಎಮ್ಮೆಯನ್ನೋ ಮಾಡುತ್ತಾಳೆ, ಅದಕ್ಕೆ ಶೇಕಡಾವಾರು ಕೇಳುವುದಿಲ್ಲ. ಪಟ್ಟಿ ನೋಡಿ ಕಟ್ಟಿಸಿದರೆ ಅದು ಹೋಂವರ್ಕ್ ಆಗುವುದಿಲ್ಲವೇ?

ಮಾಳಮಡ್ಡಿ ಅಜ್ಜ

ತಂಗೀ, ನೀವು ಹೇಳುವುದು ಸಣ್ಣ ಮೊಮ್ಮಗನಿಗೆ ಪೂರ್ತಿ ಅನ್ವಯಿಸುತ್ತದೆ. ಅವನು ನಾಲ್ಕು ತುಂಡು ಕೂಡಿಸಿ ವಿಮಾನವೆಂದರೆ ಅದು ವಿಮಾನವೇ. ಹನ್ನೊಂದು ವರ್ಷದ ಮೊಮ್ಮಗಳಿಗೆ ಹಾಗಲ್ಲ. ಅವಳಿಗೆ ಆರಂಭಿಸಿದ್ದು ಮುಗಿಯಬೇಕು, ಅರ್ಧಕ್ಕೆ ನಿಂತ ಕ್ರೇನನ್ನು ಅವಳು ಇನ್ನೂ ಮರೆತಿಲ್ಲ. ಲೆಕ್ಕ ಅವಳಿಗಾಗಿ, ಮತ್ತು ಒಪ್ಪಿಕೊಳ್ಳಬೇಕೆಂದರೆ, ಸ್ವಲ್ಪ ನನಗಾಗಿ.

ಈಗ ವರದಿ. 250 ಗ್ರಾಂ ತೂಗಿ ಎಣಿಸಿದಾಗ 196 ತುಂಡುಗಳು ಬಂದವು. ಆ ಪ್ರಮಾಣದಲ್ಲಿ 3.4 ಕಿಲೋಗೆ ಸುಮಾರು 2,660 ಆಗಬೇಕು. ಎರಡು-ನಾಲ್ಕರ ಇಟ್ಟಿಗೆ ಒಂದಕ್ಕೆ ಸುಮಾರು 2.3 ಗ್ರಾಂ ಇರುವುದರಿಂದ, ಬರೀ ಅವೇ ಇದ್ದಿದ್ದರೆ ಕಿಲೋಗೆ 430ರ ಆಸುಪಾಸು ಬರುತ್ತಿತ್ತು. ಅಂದರೆ ನಮ್ಮ ಚೀಲದಲ್ಲಿ ಸಣ್ಣ ತುಂಡುಗಳೇ ಹೆಚ್ಚು ಎಂದು ತಕ್ಕಡಿಯೇ ಹೇಳಿತು. ಆರಿಸಲು ಆರು ಸಂಜೆಗಳು ಹಿಡಿದವು. ಮನೆಯವಳು ಹೋಳಿಗೆ ತಾಟನ್ನೂ ನಾನು ಬಿಡಲಿಲ್ಲವೆಂದು ಎರಡು ದಿನ ಮಾತು ಬಿಟ್ಟಿದ್ದಳು.

ಅಪರೂಪದ ತುಂಡುಗಳ ಉಪಾಯ ಫಲಿಸಿತು. ಕಡುಹಸಿರು ಬಣ್ಣದ ಇಳಿಜಾರುಗಳ ಜಾಡು ಹಿಡಿದು ಹೋದಾಗ 31058 ಎಂಬ ಡೈನೋಸಾರ್ ಸೆಟ್ ಗುರುತಾಯಿತು. ಒಟ್ಟು 174 ತುಂಡುಗಳದು. ಒಂದೇ ಪೆಟ್ಟಿಗೆಯ ತುಂಡುಗಳಿಂದ ಟೈರನೋಸಾರಸ್ ಕಟ್ಟಬಹುದು, ಬಿಚ್ಚಿ ಟ್ರೈಸೆರಾಟಾಪ್ಸ್ ಕಟ್ಟಬಹುದು, ಮತ್ತೆ ಬಿಚ್ಚಿ ಹಾರುವ ಪ್ರಾಣಿ ಕಟ್ಟಬಹುದು. ನಮ್ಮಲ್ಲಿ ಅದರ 171 ಸಿಕ್ಕಿವೆ. 10696 ಎಂಬ 484 ತುಂಡುಗಳ ಕ್ಲಾಸಿಕ್ ಪೆಟ್ಟಿಗೆಯೂ ಇದೆಯೆಂದು ಮಗಳು ನೆನಪಿಸಿಕೊಂಡಳು. ಉಳಿದವು ಇನ್ನೂ ಅನಾಮಧೇಯ.

ಎಲ್ಲವನ್ನೂ ಜಾಲತಾಣಕ್ಕೆ ಏರಿಸಿದ ಮೇಲೆ ಎದುರಾದ ತೊಡಕು ಹೀಗಿದೆ. ಹೆಂಚಿನ ಮನೆಯ ಮಾದರಿಯೊಂದಕ್ಕೆ ಶೇಕಡಾ 94 ಹೊಂದಾಣಿಕೆ ತೋರಿಸಿತು, ಒಂದು ಲಾರಿಗೆ ಶೇಕಡಾ 71. ಸಹಜವಾಗಿ ಮನೆಯನ್ನು ಆರಿಸಿಕೊಂಡೆ. ಅದರ 400 ತುಂಡುಗಳಲ್ಲಿ 376 ನಮ್ಮಲ್ಲಿವೆ. ಇಲ್ಲದಿರುವ 24 ತುಂಡುಗಳೂ ಚಾವಣಿಯ ಇಳಿಜಾರುಗಳೇ! ಗೋಡೆ ಎದ್ದಿದೆ, ಸೂರು ಇಲ್ಲ. ಪರೀಕ್ಷೆಯಲ್ಲಿ 94 ಅಂಕ ಬಂದಮೇಲೂ ನಪಾಸಾದ ಹಾಗಾಯಿತು.

ಗಣಿತ ಬೋಧಕಿ, ಸಪ್ತಾಪುರ

ಅಜ್ಜಾರೇ, ನಿಮ್ಮ ಈ ಅನುಭವವೇ ಪ್ರಶ್ನೆಯ ತಿರುಳು. ಸ್ವಲ್ಪ ಬಿಡಿಸಿ ಹೇಳಲು ಅವಕಾಶ ಕೊಡಿ.

"ಇದರಿಂದ ಏನೇನು ಕಟ್ಟಬಹುದು" ಎಂಬ ಮಾತಿಗೆ ಎರಡು ಅರ್ಥಗಳಿವೆ. ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂಬುದು ಒಂದು. ಅದಕ್ಕೆ ಉತ್ತರ ಹುಡುಕಬೇಡಿ. ಒಂದೇ ಬಣ್ಣದ ಎರಡು-ನಾಲ್ಕರ ಇಟ್ಟಿಗೆಗಳು ಎರಡಿದ್ದರೆ 24 ಬಗೆ, ಮೂರಿದ್ದರೆ 1,060 ಬಗೆ, ಆರಿದ್ದರೆ 91,51,03,765 ಬಗೆ. ಕೊನೆಯ ಅಂಕಿಯನ್ನು ಲೆಕ್ಕ ಹಾಕಿದವರು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸ್. ಅದಕ್ಕೂ ಮೊದಲು ಕಂಪನಿ ಹೇಳುತ್ತಿದ್ದ 10,29,81,500 ಎಂಬ ಅಂಕಿ ಆರು ಇಟ್ಟಿಗೆಗಳನ್ನು ಒಂದರ ಮೇಲೊಂದು ಆರು ಅಂತಸ್ತಾಗಿ ಏರಿಸುವ ಬಗೆಗಳನ್ನಷ್ಟೇ ಎಣಿಸಿತ್ತು. ಆರು ಇಟ್ಟಿಗೆಗೇ ಈ ಗತಿಯಾದರೆ ನಿಮ್ಮ 2,660 ತುಂಡುಗಳ ಮಾತು ಬೇಡ. ನವನಗರದ ತಂಗಿಯ ಮಗಳು ಆಡುತ್ತಿರುವುದು ಈ ಬಯಲಿನಲ್ಲಿ, ಅಲ್ಲಿ ಪಟ್ಟಿಗೆ ಕೆಲಸವಿಲ್ಲ ಎಂಬುದು ನಿಜ.

ಎರಡನೆಯ ಅರ್ಥದಲ್ಲಿ, ಅಂದರೆ ಇಂಥದೊಂದು ಮಾದರಿಯನ್ನು ಕಟ್ಟಬಹುದೇ ಎಂದು ಕೇಳಿದಾಗ, ಲೆಕ್ಕ ಬಹಳ ಸುಲಭ. ಪ್ರತಿಯೊಂದು ಬಗೆಯ ತುಂಡಿಗೂ ಬೇಕಾದ ಸಂಖ್ಯೆ ಇರುವ ಸಂಖ್ಯೆಗಿಂತ ಹೆಚ್ಚಾಗದಿದ್ದರೆ ಆಯಿತು. ಆದರೆ ಇಲ್ಲಿ ಹೆಚ್ಚಳದಿಂದ ಕೊರತೆ ತುಂಬುವುದಿಲ್ಲ. ಅಕ್ಕಿ ಎರಡು ಚೀಲ ಹೆಚ್ಚಿಗೆ ಇದೆಯೆಂದು ಉಪ್ಪಿಲ್ಲದೆ ಅಡುಗೆಯಾಗದು. ಶೇಕಡಾವಾರು ಎಲ್ಲ ತುಂಡುಗಳನ್ನೂ ಒಂದೇ ತೂಕದಲ್ಲಿ ಕೂಡಿಸಿಬಿಡುವುದರಿಂದ, 24 ಹೆಂಚುಗಳ ಕೊರತೆಯೂ 24 ಅಲಂಕಾರದ ಹೂವುಗಳ ಕೊರತೆಯೂ ಅದರ ಕಣ್ಣಿಗೆ ಒಂದೇ. ಆದ್ದರಿಂದ ಎಷ್ಟು ಇವೆ ಎಂಬ ಅಂಕಣವನ್ನು ಮುಚ್ಚಿ, ಇಲ್ಲದ ತುಂಡುಗಳ ಪಟ್ಟಿಯನ್ನಷ್ಟೇ ತೆರೆದು ಓದಿ. ಆ ಪಟ್ಟಿಯ ಪ್ರತಿ ಸಾಲಿನ ಮುಂದೆ ಬಣ್ಣ ಮಾತ್ರ ಬೇರೆಯೋ, ಬೇರೆ ತುಂಡುಗಳಿಂದ ಕೂಡಿಸಬಹುದೋ, ಮರೆಯಲ್ಲಿ ಇರುವುದೋ, ನಿಜವಾಗಿಯೂ ಬೇಕೇ ಬೇಕೋ ಎಂದು ಗುರುತು ಹಾಕಿ. ಆಮೇಲೆ ಉಳಿಯುವುದೇ ನಿಜವಾದ ಕೊರತೆ.

ಇನ್ನೊಂದು ಎಚ್ಚರಿಕೆ. ಮೂರು ಮಾದರಿಗಳನ್ನು ಬೇರೆ ಬೇರೆಯಾಗಿ ಕಟ್ಟಬಹುದೆಂದು ತಾಣ ಹೇಳಿದರೆ, ಮೂರನ್ನೂ ಒಟ್ಟಿಗೆ ಕಟ್ಟಿ ಕಪಾಟಿನಲ್ಲಿ ಇಡಬಹುದೆಂದು ಅರ್ಥವಲ್ಲ. ಅದೇ ಗಾಲಿಗಳನ್ನು ಮೂರೂ ಕೇಳುತ್ತಿರಬಹುದು. ಒಟ್ಟಿಗೆ ಯಾವುದನ್ನೆಲ್ಲ ಕಟ್ಟಿದರೆ ಹೆಚ್ಚು ತುಂಡುಗಳು ಬಳಕೆಯಾಗುತ್ತವೆ ಎಂದು ಕಂಡುಹಿಡಿಯುವುದು ಕಂಪ್ಯೂಟರಿಗೂ ಬೆವರಿಳಿಸುವ ಸಮಸ್ಯೆ. ಇಬ್ಬರು ಮಕ್ಕಳ ಮನೆಯಲ್ಲಿ ಜಗಳ ಹುಟ್ಟುವುದೂ ಅಲ್ಲಿಯೇ.

ಬೆಟಗೇರಿ ಗೌಂಡಿ

ನಾನು ನಿಜವಾದ ಇಟ್ಟಿಗೆಯ ಕೆಲಸದವನು. ಮಗನ ದೆಸೆಯಿಂದ ಈ ಇಟ್ಟಿಗೆಯೂ ಕೈಗೆ ಬಂದಿದೆ. ಮೇಡಂ ಹೇಳಿದ "ಬೇರೆ ತುಂಡುಗಳಿಂದ ಕೂಡಿಸುವ" ವಿಷಯಕ್ಕೆ ಒಂದಿಷ್ಟು ಸೇರಿಸುತ್ತೇನೆ.

ಉಬ್ಬಿನಿಂದ ಉಬ್ಬಿಗೆ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ 9.6, ಪ್ಲೇಟಿನ ಎತ್ತರ 3.2. ಹಾಗಾಗಿ ಮೂರು ಪ್ಲೇಟು ಕೂಡಿಸಿದರೆ ಒಂದು ಇಟ್ಟಿಗೆ. ಐದು ಪ್ಲೇಟು ಪೇರಿಸಿದರೆ 16 ಮಿಲಿಮೀಟರ್, ಅಂದರೆ ಎರಡು ಉಬ್ಬಿನ ಅಗಲ. ಅಡ್ಡ ಮಲಗಿಸಿ ಕಟ್ಟುವಾಗ ಈ ಲೆಕ್ಕ ಬಹಳ ಉಪಯೋಗಕ್ಕೆ ಬರುತ್ತದೆ. 1958ರಲ್ಲಿ ಈ ಇಟ್ಟಿಗೆಗೆ ಪೇಟೆಂಟ್ ಆದಂದಿನಿಂದ ಅಳತೆ ಬದಲಾಗಿಲ್ಲ. ಆದ್ದರಿಂದ ಚೀಲದಲ್ಲಿ ಯಾವ ಕಾಲದ ತುಂಡು ಇದ್ದರೂ ಕೂಡುತ್ತದೆ.

ಎರಡು-ನಾಲ್ಕರ ಇಟ್ಟಿಗೆ ಇಲ್ಲದಿದ್ದರೆ ಎರಡು-ಎರಡರ ಎರಡನ್ನು ಹಾಕಬಹುದು ಎಂದು ಎಲ್ಲರೂ ಹೇಳುತ್ತಾರೆ. ಜಾಗ ತುಂಬುತ್ತದೆ, ಆದರೆ ಬಂಧ ಹೋಗುತ್ತದೆ. ಸಂದಿನ ಮೇಲೆ ಸಂದು ಬರಬಾರದೆಂದು ನಮ್ಮಲ್ಲಿ ಕೂಲಿಗೆ ಬಂದ ಹುಡುಗನಿಗೂ ಮೊದಲ ದಿನವೇ ಹೇಳಿಕೊಡುತ್ತೇವೆ. ಉದ್ದ ಇಟ್ಟಿಗೆ ಕೆಳಗಿನ ಸಂದನ್ನು ಹೊದ್ದುಕೊಂಡು ಕೂರುತ್ತದೆ. ಎರಡು ತುಂಡಾಗಿ ಹಾಕಿದಾಗ ಹೊಸ ಸಂದು ಹಳೆಯ ಸಂದಿನ ಮೇಲೆಯೇ ಬಿದ್ದರೆ ಗೋಡೆ ಅಲ್ಲಿಯೇ ಸೀಳುತ್ತದೆ. ಉದ್ದ ತುಂಡುಗಳು ಕಡಿಮೆ ಇದ್ದರೆ ಅವನ್ನು ಮೂಲೆಗಳಿಗೆ ಮತ್ತು ಬಾಗಿಲ ಮೇಲಿನ ತೊಲೆಗೆ ಎತ್ತಿಡಿ, ನಡುಗೋಡೆಗೆ ಸಣ್ಣವು ಸಾಕು.

ಸಣ್ಣ ಮೊಮ್ಮಗನ ಡ್ಯೂಪ್ಲೋ ಇದ್ದರೆ ಬಿಸಾಡಬೇಡಿ. 1969ರಲ್ಲಿ ಬಂದ ಆ ದೊಡ್ಡ ಇಟ್ಟಿಗೆ ಉದ್ದ, ಅಗಲ, ಎತ್ತರ ಮೂರರಲ್ಲೂ ಇಮ್ಮಡಿ. ಹಾಗಾಗಿ ಒಂದು ಡ್ಯೂಪ್ಲೋ ಎಂಟು ಇಟ್ಟಿಗೆಯ ಜಾಗ ತುಂಬುತ್ತದೆ, ಮೇಲೆ ಎರಡು-ನಾಲ್ಕರ ಸಾಮಾನ್ಯ ಇಟ್ಟಿಗೆಯೂ ಕೂಡುತ್ತದೆ. ಪಾಯಕ್ಕೆ ಅದನ್ನು ತುಂಬಿದರೆ ಸಣ್ಣ ಇಟ್ಟಿಗೆ ಬಹಳ ಉಳಿಯುತ್ತದೆ.

ಇನ್ನು ನಿಮ್ಮ ಸೂರಿಲ್ಲದ ಮನೆ. ಹೆಂಚೇ ಬೇಕೆಂದು ಯಾರು ಹೇಳಿದರು? ಗದಗಿನ ಸುತ್ತಲಿನ ಹಳ್ಳಿಗಳ ಹಳೆಯ ಮನೆಗಳಿಗೆ ಇಳಿಜಾರು ಎಲ್ಲಿದೆ? ಮಣ್ಣು ಹಾಸಿದ ಮಾಳಿಗೆ, ಬೆಳಕಿಗೊಂದು ಕಿಂಡಿ, ನೀರು ಹೋಗಲು ಹರನಾಳಿಗೆ. ಕಂದು ಪ್ಲೇಟುಗಳಿಂದ ಸಪಾಟು ಮಾಡಿ ಮುಚ್ಚಿ, ಒಂದು ಉಬ್ಬಿನ ಜಾಗ ಕಿಂಡಿಗೆ ಬಿಡಿ. ಇಳಿಜಾರೇ ಬೇಕೆಂದರೆ ಇಟ್ಟಿಗೆಗಳನ್ನು ಸಾಲಿಗೊಂದು ಉಬ್ಬು ಒಳಕ್ಕೆ ಸರಿಸುತ್ತ ಮೆಟ್ಟಿಲಿನಂತೆ ಏರಿಸಬಹುದು.

ವಿದ್ಯಾನಗರ ಹುಬ್ಬಳ್ಳಿ

ಗೌಂಡಿ ಅಣ್ಣನ ಮಾಳಿಗೆಗೆ ನನ್ನ ಮತ. ನಾನು ಹೇಳಬೇಕೆಂದಿದ್ದ ಉಪಾಯ ಅದಕ್ಕಿಂತ ದುಬಾರಿಯದು. 3037, 3039, 3040 ಎಂಬ ಇಳಿಜಾರುಗಳನ್ನು ಬಿಡಿಯಾಗಿ ಬ್ರಿಕ್‌ಲಿಂಕ್‌ನಲ್ಲಿ ಕೊಳ್ಳಬಹುದು. 2000ದಲ್ಲಿ ಆರಂಭವಾದ ಆ ಆನ್‌ಲೈನ್ ಮಾರುಕಟ್ಟೆಯನ್ನು 2019ರಲ್ಲಿ ಲೆಗೋ ಕಂಪನಿಯೇ ಕೊಂಡುಕೊಂಡಿತು. ಹೊರದೇಶದ ಮಾರಾಟಗಾರರಿಂದ 24 ತುಂಡು ತರಿಸಿದರೆ ತುಂಡಿಗಿಂತ ಅಂಚೆವೆಚ್ಚವೇ ಹೆಚ್ಚಾಗುತ್ತದೆ. ಆಟಿಕೆಗಳ ಆಮದು ಸುಂಕವನ್ನು ನಮ್ಮ ಸರ್ಕಾರ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು ಎಂಬುದನ್ನೂ ನೆನಪಿನಲ್ಲಿಡಿ. ಕೊಳ್ಳಲೇಬೇಕೆಂದರೆ ನಾಲ್ಕೈದು ಮಾದರಿಗಳ ನಿಜವಾದ ಕೊರತೆಯನ್ನು ಕೂಡಿಹಾಕಿ ಒಮ್ಮೆಲೇ ತರಿಸಿ.

ರಿಬ್ರಿಕೆಬಲ್ ತಾಣದಲ್ಲಿ ಹುಡುಕುವಾಗ ಬಣ್ಣವನ್ನು ಗಣನೆಗೆ ತೆಗೆದುಕೊಳ್ಳದಿರುವ ಆಯ್ಕೆ ಇದೆ, ಒಂದೇ ತುಂಡಿನ ಅಚ್ಚಿನಲ್ಲಿ ಆದ ಚಿಕ್ಕಪುಟ್ಟ ಬದಲಾವಣೆಗಳನ್ನು ಬಿಡುವ ಆಯ್ಕೆಯೂ ಇದೆ. ಎರಡನ್ನೂ ಒತ್ತಿ ಮತ್ತೆ ನೋಡಿ. ಬೂದು ಬಣ್ಣದಲ್ಲಿ ವಿಶೇಷ ಜಾಗ್ರತೆ ಬೇಕು. 2004ರ ಹೊತ್ತಿಗೆ ಕಂಪನಿ ಹಳೆಯ ಬೂದಿಯನ್ನು ನಿಲ್ಲಿಸಿ ನೀಲಿ ಛಾಯೆಯ ಬೂದಿಯನ್ನು ತಂದಿತು. ನಮ್ಮ ಕಣ್ಣಿಗೆ ಎರಡೂ ಬೂದಿಯೇ, ತಾಣದ ಲೆಕ್ಕದಲ್ಲಿ ಬೇರೆ ಬೇರೆ.

ಮಾಳಮಡ್ಡಿ ಅಜ್ಜ

ಮೇಡಂ ಹೇಳಿದಂತೆ ಲಾರಿಯ ಕೊರತೆ ಪಟ್ಟಿಯನ್ನು ತೆರೆದು ಕೆಂಪು ಪೆನ್ನು ಹಿಡಿದು ಕುಳಿತೆ. ಒಟ್ಟು 210ರಲ್ಲಿ ಇಲ್ಲದವು 61. ಅವುಗಳಲ್ಲಿ 38ಕ್ಕೆ ಬಣ್ಣವೊಂದೇ ಅಡ್ಡಿ, 15ನ್ನು ಸಣ್ಣ ಪ್ಲೇಟುಗಳಿಂದ ಕೂಡಿಸಬಹುದು, 6 ಎಂಜಿನ್ನಿನ ಒಳಗೆ ಮರೆಯಾಗುವಂಥವು. ನಿಜವಾಗಿಯೂ ಇಲ್ಲದವು ಎರಡೇ ಎರಡು, ಪಕ್ಕದ ಕನ್ನಡಿಗಳು. ಶೇಕಡಾ 71ರ ಲಾರಿ ನಿನ್ನೆ ಮಧ್ಯಾಹ್ನ ಕನ್ನಡಿಯಿಲ್ಲದೆ, ಅರ್ಧ ಕೆಂಪು ಅರ್ಧ ಹಳದಿಯಾಗಿ, ಪಡಸಾಲೆಯಲ್ಲಿ ಓಡಿತು. ನಮ್ಮ ರಸ್ತೆಗಳಲ್ಲಿ ಓಡಾಡುವ ಎಷ್ಟೋ ಲಾರಿಗಳಿಗಿಂತ ಅದು ಕೆಟ್ಟದಾಗಿ ಕಾಣುತ್ತಿಲ್ಲ. ಶೇಕಡಾ 94ರ ಮನೆಗೆ ಗೌಂಡಿಯವರ ಮಾಳಿಗೆ ಹೊದಿಸಿದೆ. ಮೂಲ ಮಾದರಿಯನ್ನು ಬಿಟ್ಟ ಮೇಲೆ ಅದು ನವಲಗುಂದದ ಕಡೆಯ ನಮ್ಮ ಹಿರಿಯರ ಮನೆಯಂತೆಯೇ ಆಗಿದೆ.

ಮುಂಡರಗಿ ಮಾಸ್ತರ

ಇಷ್ಟು ದಿನ ಓದುತ್ತಿದ್ದೆ, ಈಗ ಒಂದು ಪ್ರಶ್ನೆ. ನಮ್ಮ ತಾಲೂಕಿನ ಡಂಬಳದ ದೊಡ್ಡಬಸಪ್ಪ ದೇವಾಲಯದ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಅದನ್ನು ಈ ಇಟ್ಟಿಗೆಗಳಲ್ಲಿ ತೋರಿಸಬಹುದೇ? ಇದಕ್ಕೆ ಸಿದ್ಧ ಪುಸ್ತಿಕೆ ಇಲ್ಲದಿರುವುದರಿಂದ ತಾಣದ ತಾಳೆ ನಡೆಯುವುದಿಲ್ಲ. ಯಾವ ತುಂಡು ಎಷ್ಟು ಬೇಕೆಂಬುದನ್ನು ನಾವೇ ಹೇಳಬೇಕು. ಉಬ್ಬುಗಳೆಲ್ಲ ಚೌಕದ ಮನೆಗಳಲ್ಲಿ ಇರುವಾಗ ಓರೆ ಮೂಲೆಗಳು ಹೇಗೆ ಬರುತ್ತವೆ ಎಂಬುದು ನನಗೆ ಹೊಳೆಯುತ್ತಿಲ್ಲ.

ಗಣಿತ ಬೋಧಕಿ, ಸಪ್ತಾಪುರ

ಮಾಸ್ತರರೇ, ಒಳ್ಳೆಯ ಪ್ರಶ್ನೆ. ಗೋಡೆಯನ್ನೇ ಓರೆಯಾಗಿ ಕಟ್ಟಲು ಹೋದರೆ ಕೀಲು ತುಂಡುಗಳು ಬಹಳ ಬೇಕಾಗುತ್ತವೆ. ಸುಲಭದ ದಾರಿಯೆಂದರೆ ಚೌಕವನ್ನು ತಿರುಗಿಸುವುದು. ಒಂದು ಚೌಕಕ್ಕೆ ನಾಲ್ಕು ಮೂಲೆ. ಅದೇ ಕೇಂದ್ರದ ಮೇಲೆ 15 ಡಿಗ್ರಿಯಂತೆ ತಿರುಗಿಸುತ್ತ ಆರು ಚೌಕಗಳನ್ನು ಪೇರಿಸಿದರೆ, ಮೇಲಿನಿಂದ ನೋಡಿದಾಗ 24 ಮೂಲೆಗಳು ಸಮಾನ ಅಂತರದಲ್ಲಿ ಕಾಣುತ್ತವೆ. ದೇವಾಲಯದಲ್ಲಿ ಪ್ರತಿ ಥರದಲ್ಲೂ ನಕ್ಷತ್ರವೇ ಇದೆ, ನಮ್ಮದರಲ್ಲಿ ಆರು ಥರಗಳು ಸೇರಿ ನಕ್ಷತ್ರವಾಗುತ್ತವೆ. ಇಷ್ಟು ರಿಯಾಯಿತಿಯನ್ನು ಒಪ್ಪಿಕೊಳ್ಳಿ.

ತಿರುಗಬೇಕಾದರೆ ಎರಡು ಚೌಕಗಳ ನಡುವೆ ಒಂದೇ ಉಬ್ಬಿನ ಸಂಪರ್ಕ ಇರಬೇಕು. ಎಂಟು-ಎಂಟರ ಚೌಕದ ನಟ್ಟನಡುವೆ ಉಬ್ಬು ಇರುವುದಿಲ್ಲ, ನಾಲ್ಕು ಉಬ್ಬುಗಳ ನಡುವಿನ ಖಾಲಿ ಇರುತ್ತದೆ. ಅದಕ್ಕಾಗಿ ಎರಡು-ಎರಡರ ಅಳತೆಯಲ್ಲಿ ನಡುವೆ ಒಂದೇ ಉಬ್ಬು ಇರುವ 87580 ಎಂಬ ಪ್ಲೇಟು ಬೇಕು. ಅದರ ಉಬ್ಬು ಮೇಲಿನ ಚೌಕದ ಅಡಿಯ ಕೊಳವೆಯೊಳಗೆ ಕೂಡುತ್ತದೆ. ಆರು ಚೌಕಗಳಿಗೆ ಇಂಥವು ಐದು.

ಬೆಟಗೇರಿ ಗೌಂಡಿ

ಎಂಟು-ಎಂಟರ ಪ್ಲೇಟು ಆರು ಯಾರ ಮನೆಯಲ್ಲಿಯೂ ಇರುವುದಿಲ್ಲ, ಆದ್ದರಿಂದ ಅದನ್ನೂ ಕೂಡಿಸಿಯೇ ಮಾಡಬೇಕು. ನಡುವೆ ನಾಲ್ಕು-ಎಂಟರ ಪ್ಲೇಟು ಒಂದು, ಅದರ ಎರಡು ಮಗ್ಗುಲಿಗೆ ಎರಡು-ಎಂಟರವು ಎರಡು. ನಾಲ್ಕು-ನಾಲ್ಕರ ಎರಡನ್ನು ಜೋಡಿಸಿದರೆ ಕೇಂದ್ರದಲ್ಲಿಯೇ ಸಂದು ಬಂದು ಕೊಳವೆ ತಪ್ಪಿಹೋಗುತ್ತದೆ, ಅದನ್ನು ಮಾಡಬೇಡಿ. ಮೂರನ್ನೂ ಹಿಡಿದಿಡಲು ಮೇಲೆ ಅಡ್ಡಲಾಗಿ ಎರಡು-ಎಂಟರವು ಎರಡು, ಎರಡು ಅಂಚಿಗೆ. ಹಾಗೆ ಚೌಕಕ್ಕೆ ನಾಲ್ಕು-ಎಂಟರದು ಒಂದು, ಎರಡು-ಎಂಟರವು ನಾಲ್ಕು.

ಒಂದು ತೊಡಕನ್ನು ಮೇಡಂ ಬಿಟ್ಟಿದ್ದಾರೆ. ಅಡ್ಡಪಟ್ಟಿಗಳು 3.2 ಮಿಲಿಮೀಟರ್ ದಪ್ಪ, ಮೇಲೆ ಉಬ್ಬು ಸುಮಾರು 1.8, ಒಟ್ಟು 5. ಒಂಟಿ ಉಬ್ಬಿನ ಪ್ಲೇಟಿನ ದಪ್ಪ 3.2 ಮಾತ್ರ. ಮೇಲಿನ ಚೌಕ ತಿರುಗುವುದಿಲ್ಲ, ತಾಗುತ್ತದೆ. ಒಂಟಿ ಉಬ್ಬಿನ ಪ್ಲೇಟಿನ ಅಡಿಗೆ ಇನ್ನೊಂದು ಎರಡು-ಎರಡರ ಪ್ಲೇಟು ಕೊಟ್ಟರೆ 6.4 ಆಗುತ್ತದೆ, ಸಲೀಸಾಗಿ ತಿರುಗುತ್ತದೆ.

ಮಾಳಮಡ್ಡಿ ಅಜ್ಜ

ರಾತ್ರಿಯೇ ತಾಟುಗಳನ್ನು ತೆರೆದು ನೋಡಿದೆ. ಆರು ಚೌಕಗಳಿಗೆ ನಾಲ್ಕು-ಎಂಟರವು 6, ಎರಡು-ಎಂಟರವು 24, ಒಂಟಿ ಉಬ್ಬಿನವು 5, ಅವುಗಳ ಅಡಿಗೆ ಎರಡು-ಎರಡರ ಪ್ಲೇಟುಗಳು 5. ನಮ್ಮಲ್ಲಿ ಎರಡು-ಎರಡರವು ಧಾರಾಳ. ಒಂಟಿ ಉಬ್ಬಿನವು ಏಳು ಸಿಕ್ಕವು. ಎರಡು-ಎಂಟರವು 13. ನಾಲ್ಕು-ಎಂಟರವು ಮೂರೇ ಮೂರು.

ಹಾಗಾಗಿ ಮೂರು ಚೌಕಗಳನ್ನು ಮಾಡಿದ್ದೇನೆ. 12 ಎರಡು-ಎಂಟರ ಪ್ಲೇಟುಗಳು ಖರ್ಚಾಗಿ ಒಂದು ಉಳಿಯಿತು. 15ರ ಬದಲು 30 ಡಿಗ್ರಿಯಂತೆ ತಿರುಗಿಸಿದಾಗ 12 ಮೂಲೆಗಳ ನಕ್ಷತ್ರ ಬಂದಿದೆ. ಒಂದೇ ಉಬ್ಬಿನ ಮೇಲೆ ನಿಂತಿರುವುದರಿಂದ ಬೆರಳು ತಾಗಿದರೆ ತಿರುಗಿಬಿಡುತ್ತದೆ. ಮಗಳ ಹಳೆಯ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಹಿಡಿದು ಸರಿಮಾಡಬೇಕಾಯಿತು.

ಹಾವೇರಿ ಅಕ್ಕ

ಅಜ್ಜಾರೇ, ನಮ್ಮ ಪ್ಲೇಟುಗಳ ತಾಟಿನಲ್ಲಿ ನಾಲ್ಕು-ಎಂಟರವು ಐದು ಇವೆ, ಬೂದು ಬಣ್ಣದವು. ಎರಡು-ಎಂಟರವು ಎಂಟೋ ಒಂಬತ್ತೋ ಇರಬೇಕು. ಮಗನಿಗೆ ಗಾಲಿಗಳ ಕೊರತೆ ಇದೆ. ಬದಲಿಗೆ ಕೊಡುವುದಾದರೆ ಮುಂದಿನ ವಾರ ಹುಬ್ಬಳ್ಳಿಗೆ ಮದುವೆಗೆ ಬರುವಾಗ ತರುತ್ತೇನೆ.

ಮಾಳಮಡ್ಡಿ ಅಜ್ಜ

ಅವಶ್ಯವಾಗಿ ತನ್ನಿರಿ. ಗಾಲಿಗಳು ಅಚ್ಚಿನೊಂದಿಗೆ 14 ಜೊತೆ ಇವೆ. ಲಾರಿಗೆ ಬೇಕಾದ ಮೂರು ಜೊತೆಯನ್ನು ಇಟ್ಟುಕೊಂಡು, ಮಗನಿಗೆ ಬೇಕಾದಷ್ಟು ಆರಿಸಿ ಕಟ್ಟಿಡುತ್ತೇನೆ. ನಿಮ್ಮ ನಾಲ್ಕು-ಎಂಟರಲ್ಲಿ ಮೂರು ಸಾಕು. ಎರಡು-ಎಂಟರವು ಒಂಬತ್ತು ಬಂದರೂ ನನ್ನಲ್ಲಿ ಉಳಿದಿರುವ ಒಂದು ಸೇರಿ ಹತ್ತಾಗುತ್ತವೆ, ಇನ್ನೂ ಎರಡು ಕಡಿಮೆ. ಆ ಎರಡರ ಜಾಗಕ್ಕೆ ಎರಡು-ನಾಲ್ಕರವನ್ನು ಜೋಡಿಯಾಗಿ ಎಲ್ಲಿ ಹಾಕಿದರೆ ಸಂದಿನ ಮೇಲೆ ಸಂದು ಬರುವುದಿಲ್ಲ ಎಂದು ಗೌಂಡಿಯವರು ಒಂದು ಚಿತ್ರ ಬರೆದು ಕಳಿಸಿದರೆ ಉಪಕಾರವಾಗುತ್ತದೆ.